ಹೊಸ ಬೀಜವೂ ನೆರೆಯವನ ಹೊಲವೂ

ಉತ್ತಮವಾದ ಬೀಜವನ್ನು ಕಂಡುಹಿಡಿದ ಮಾತ್ರಕ್ಕೆ ಅದು ರೈತನ ಹೊಲವನ್ನು ಸೇರಲಾರದು. ಪ್ರಯೋಗಕ್ಷೇತ್ರದಿಂದ ಹೊಲಕ್ಕೆ ಹೊಸ ವಿಷಯವು ಹೇಗೆ ನಡೆದುಬರುವುದೆಂಬುದನ್ನೇ ತಮ್ಮ ಜೀವಮಾನದ ವ್ಯಾಸಂಗವನ್ನಾಗಿ ಮಾಡಿಕೊಂಡ ಪಂಡಿತರಲ್ಲಿ ಅಮೆರಿಕಾ ದೇಶದ ಎವರೆಟ್ ರೋಜರ್ಸ್ ಎಂಬವರು ಪ್ರಮುಖರು.

ರೋಜರ್ಸರು 1931ನೆಯ ಇಸವಿಯಲ್ಲಿ ಅಯೋವಾ ಪ್ರಾಂತ್ಯದ ಕ್ಯಾರೊಲ್ ಎಂಬ ಊರಿನ ಬಳಿ ಒಕ್ಕಲು ಮನೆತನದಲ್ಲಿ ಜನಿಸಿದರು. ಅವರ ತಂದೆಯು ಹೊಸ ಯಂತ್ರಗಳನ್ನು ಇಷ್ಟಪಡುತ್ತಿದ್ದರೂ ಮುಸುಕಿನ ಜೋಳದ ಸಂಕರಬೀಜವನ್ನು ಎಂಟು ವರ್ಷಗಳ ಕಾಲ ಒಪ್ಪಲಿಲ್ಲ. 1936ರ ಅನಾವೃಷ್ಟಿಯಲ್ಲಿ ಸಂಕರಬೀಜದ ಪೈರು ನೆಟ್ಟಗೆ ನಿಂತಿತು; ಇವರ ಪೈರು ಬಾಡಿಹೋಯಿತು. ಆ ಮೇಲೆಯೇ ಅವರ ಮನಸ್ಸು ತಿರುಗಿತು.

ಇದು ಒಬ್ಬನ ಹಟವೆಂದು ತಿಳಿಯಲಾಗದು. ಅದೇ ಪ್ರಾಂತ್ಯದಲ್ಲಿ ರಯನ್ ಮತ್ತು ಗ್ರಾಸ್ ಎಂಬ ವಿದ್ವಾಂಸರು 259 ಮಂದಿ ರೈತರನ್ನು ವಿಚಾರಿಸಿ 1943ರಲ್ಲಿ ಪ್ರಕಟಿಸಿದ ವರದಿಯನ್ನು ನೋಡಬಹುದು. ಈ ಬೀಜದಿಂದ ಫಸಲು ಸುಮಾರು ನೂರಕ್ಕೆ 20ರಷ್ಟು ಹೆಚ್ಚುತ್ತಿದ್ದರೂ, ಇಬ್ಬರ ಹೊರತು ಮಿಕ್ಕವರೆಲ್ಲರೂ ಅದನ್ನು ಹಿಡಿಯುವುದಕ್ಕೆ 1928ರಿಂದ 1941ರವರೆಗಿನ ಕಾಲವು ಬೇಕಾಯಿತು. ಮೊದಲು ಸುದ್ದಿ ತಂದವರು ಬೀಜ ಮಾರುವವರು. ನಂಬಿಕೆ ಹುಟ್ಟಿಸಿದವರು ನೆರೆಹೊರೆಯವರು.

1957ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ರೋಜರ್ಸರು 1962ರಲ್ಲಿ ಹೊಸ ವಿಷಯಗಳ ಪ್ರಸಾರವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಅವರ ವಿಂಗಡಣೆಯಂತೆ ನೂರರಲ್ಲಿ ಎರಡೂವರೆ ಪಾಲು ಜನರು ಮೊದಲಿಗರು, 13.5 ಪಾಲು ಅವರ ಬಳಿಕ ಬೇಗನೆ ಒಪ್ಪುವವರು. ನಡುವಿನವರು 34 ಪಾಲಿನಂತೆ ಎರಡು ವರ್ಗ. ಕಡೆಯವರು 16 ಪಾಲು. ಹೊಸ ವಿಷಯವು ಹರಡಬೇಕಾದರೆ ಐದು ಗುಣಗಳು ಮುಖ್ಯವೆಂದು ಅವರು ತೋರಿಸಿದರು: ಹಳೆಯದಕ್ಕಿಂತ ಲಾಭವಿರಬೇಕು, ರೂಢಿಗೆ ಹೊಂದಬೇಕು, ಸುಲಭವಾಗಿರಬೇಕು, ಸ್ವಲ್ಪ ನೆಲದಲ್ಲಿ ಪರೀಕ್ಷಿಸಲು ಸಾಧ್ಯವಾಗಬೇಕು, ಅದರ ಫಲವು ಇತರರ ಕಣ್ಣಿಗೆ ಬೀಳಬೇಕು.

ಕಡೆಯವರನ್ನು ಮೂಢರೆಂದು ಹಳಿಯುವುದು ಸರಿಯಲ್ಲ. ಹಿಂದೆ ರೈತನು ತನ್ನ ಬೆಳೆಯಲ್ಲಿಯೇ ಒಳ್ಳೆಯ ತೆನೆಗಳನ್ನು ಆರಿಸಿ ಬಿತ್ತನೆಗೆ ಇಡುತ್ತಿದ್ದನು. ಸಂಕರಬೀಜವನ್ನಾದರೋ ವರ್ಷವರ್ಷವೂ ಹಣ ಕೊಟ್ಟು ಕೊಳ್ಳಬೇಕು. ಕೈಯಲ್ಲಿ ಹಣವಿಲ್ಲದವನು ಹಿಂಜರಿದರೆ ಅದು ವಿವೇಕವೇ. ಹೊಸದೆಲ್ಲವೂ ಹಿತವೆಂದು ಮೊದಲೇ ನಿಶ್ಚಯಿಸುವುದೂ, ಒಪ್ಪದವನ ಮೇಲೆಯೇ ತಪ್ಪು ಹೊರಿಸುವುದೂ ಈ ಶಾಸ್ತ್ರದ ದೋಷಗಳೆಂದು ರೋಜರ್ಸರೇ ಗ್ರಂಥದ ಮುಂದಿನ ಆವೃತ್ತಿಗಳಲ್ಲಿ ಒಪ್ಪಿಕೊಂಡರು. ಐದನೆಯ ಆವೃತ್ತಿಯು 2003ರಲ್ಲಿ ಹೊರಬಂದಿತು. ಮರುವರ್ಷ ಅವರು ಕಾಲವಾದರು.

ಆದುದರಿಂದ ಹೊಸ ಪದ್ಧತಿಯನ್ನು ಬೋಧಿಸುವವರು ಮೊದಲು ರೈತನ ಸಂದೇಹವನ್ನು ಕೇಳಿ ತಿಳಿಯತಕ್ಕದ್ದು. ರೈತನೂ ಕೇಳಿದೊಡನೆ ನಂಬದೆ, ಕೇಳಿದೊಡನೆ ತಳ್ಳಿಹಾಕದೆ, ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡುವುದು ಲೇಸು. ನೂರು ಉಪನ್ಯಾಸಗಳು ಮಾಡಲಾರದ ಕೆಲಸವನ್ನು ನೆರೆಯವನ ಒಂದು ತಾಕು ಮಾಡೀತು.