ಸಿಮೆಂಟು ಹಿತ್ತಿಲಿನಲ್ಲೊಂದು ಕೈತೋಟ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಸ ಮನೆಗಳಲ್ಲಿ ಹಿತ್ತಿಲೆಂದರೆ ಸಿಮೆಂಟು ನೆಲ, ಬಟ್ಟೆ ಒಗೆಯುವ ಕಲ್ಲು, ನೀರಿನ ಡ್ರಮ್ಮು, ಮೂಲೆಯಲ್ಲಿ ಹಳೇ ಸಾಮಾನು. ಕೆಸರಾಗಬಾರದೆಂದೇ ನಾವು ಸಿಮೆಂಟು ಹಾಕಿಸುತ್ತೇವೆ. ಆದರೆ ಆ ನೆಲ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಕಾವು ಬಿಡುತ್ತದೆ. ಮಳೆ ಬಂದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದುದು ಇಂಥ ನಿಂತ ತಿಳಿನೀರೇ. ಮೊಟ್ಟೆಯೊಡೆದು ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಸಾಕು. ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹಾಗಾಗಿ ಹಿತ್ತಿಲಿನ ಅಂದವೂ ಮನೆಮಂದಿಯ ಆರೋಗ್ಯವೂ ಒಟ್ಟಿಗೇ ಸಾಗಬೇಕು.

ಇಡೀ ಸಿಮೆಂಟನ್ನು ಕೀಳಬೇಕಿಲ್ಲ. 10 ಅಡಿಗೆ 12 ಅಡಿಯ ಹಿತ್ತಿಲಾದರೆ ಕಾಂಪೌಂಡಿನ ಉದ್ದಕ್ಕೆ ಒಂದೂವರೆ ಅಡಿ ಅಗಲದ ಪಟ್ಟಿಯನ್ನಷ್ಟೇ ಒಡೆಸಿ. ಮನೆಗೋಡೆ, ಪಾಯಿಖಾನೆ ಗುಂಡಿಗಳಿಂದ ದೂರವಿರಲಿ. ಸಿಮೆಂಟಿನ ಚೂರುಗಳನ್ನೆಲ್ಲ ಆರಿಸಿ ತೆಗೆದು, ಒಂದಡಿ ಆಳಕ್ಕೆ ಅಗೆದು, ಎರಡು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ. ಉಳಿದ ನೆಲದ ವಾಟ ಆ ಪಟ್ಟಿಯ ಕಡೆಗಿರಲಿ. ಇಷ್ಟು ಜಾಗದ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 110 ಲೀಟರ್ ನೀರು. ಅದರಲ್ಲಿ ಒಂದಷ್ಟಾದರೂ ಮಣ್ಣಿಗಿಳಿಯುತ್ತದೆ. ಮಿಕ್ಕದ್ದು ಹರಿದುಹೋಗಲು ತುದಿಯಲ್ಲೊಂದು ದಾರಿ ಬಿಡಿ. ಮುಂಗಾರಿಗೆ ಮೊದಲೇ, ಮೇ ತಿಂಗಳಲ್ಲಿ ಈ ಕೆಲಸ ಮುಗಿಸಿದರೆ ಒಳ್ಳೆಯದು.

ಬಿಸಿಲು ಬೀಳುವ ಕಡೆ ಮೈಸೂರು ಮಲ್ಲಿಗೆ, ಮೆಹಂದಿ ನೆಡಿ. ಮೆಹಂದಿ ಗಿಡಕ್ಕೆ ನೀರು ಕಡಿಮೆ ಸಾಕು. ಕತ್ತರಿಸುತ್ತಿದ್ದರೆ ಬೇಲಿಯಂತೆ ಅಂದವಾಗಿ ನಿಲ್ಲುತ್ತದೆ, ಈದ್‌ಗೆ ಮನೆಯ ಸೊಪ್ಪೇ ಸಿಗುತ್ತದೆ. ಅರೆನೆರಳಿನಲ್ಲಿ ಪುದೀನ, ದೊಡ್ಡಪತ್ರೆ ಹಬ್ಬುತ್ತವೆ. ರಂಜಾನಿನ ಶರಬತ್ತಿಗೆ ಹಾಕುವ ಬೀಜ ಕೊಡುವ ಕಾಮಕಸ್ತೂರಿಗೂ ಒಂದು ಮೂಲೆಯಿರಲಿ. ಕರಿಬೇವನ್ನು ದೊಡ್ಡ ಕುಂಡದಲ್ಲಿ ಬೆಳೆಸಬಹುದು. ಬಾಡಿಗೆ ಮನೆಯವರು ನೆಲ ಒಡೆಯದೆ, ತಳಕ್ಕೆ ತೂತು ಮಾಡಿದ ಬಕೆಟ್, ಅಕ್ಕಿ ಚೀಲಗಳಲ್ಲೇ ಇವನ್ನೆಲ್ಲ ಬೆಳೆಯಬಹುದು.

ನೀರಿಗಾಗಿ ಬೇರೆ ಖರ್ಚು ಬೇಡ. ವುಝೂ ಮಾಡಿದ ನೀರಿನಲ್ಲಿ ಸಾಬೂನಿಲ್ಲ. ಅಕ್ಕಿ, ತರಕಾರಿ ತೊಳೆದ ನೀರೂ ಅಷ್ಟೇ. ಇವನ್ನು ಬಕೆಟ್ಟಿನಲ್ಲಿ ಹಿಡಿದು ಅಂದೇ ಗಿಡಕ್ಕೆ ಹಾಕಿ, ಕೂಡಿಡಬೇಡಿ. ಬಟ್ಟೆ ಒಗೆದ ಸೋಪಿನ ನೀರು, ಉಪ್ಪು ಹಾಕಿ ಮಾಂಸ ತೊಳೆದ ನೀರು ಬೇಡ.

ತೋಟವೇ ಸೊಳ್ಳೆಗೆ ತವರಾಗಬಾರದು. ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದುಬಿಡಿ. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಈಡಿಸ್ ಮೊಟ್ಟೆ ಅಲ್ಲೇ ಅಂಟಿರುತ್ತದೆ. ಒಡೆದ ಮಡಕೆ, ಟೈರು, ಸೌದೆ ರಾಶಿ ಬೇಡವೇ ಬೇಡ. ಹಾವು, ಇಲಿಗಳು ಸೇರಿಕೊಳ್ಳುವುದೂ ಅಲ್ಲೇ. ಮಣ್ಣು ಮುಟ್ಟಿದ ಮಕ್ಕಳ ಕೈಗೆ ಸಾಬೂನು ತಪ್ಪದಿರಲಿ.

ವಾರಕ್ಕೊಂದು ದಿನ ಗೊತ್ತುಮಾಡಿ ಈ ಕೆಲಸವನ್ನು ಮಕ್ಕಳಿಗೂ ಹಂಚಿಕೊಡಿ. ಡ್ರಮ್ಮಿನಲ್ಲಿ ಹುಳು ಕಂಡರೆ ಮೊದಲು ಹೇಳುವವರು ಅವರೇ.