ಕಡಲಿನ ಸಿಹಿನೀರಿನ ಲೆಕ್ಕ

ಕೃಷ್ಣರಾಜನಗರದ ಸೀಮೆಯ ಮಿರ್ಲೆಯ ಸುತ್ತಣ ಹೊಲಗಳ ಮೇಲೆ ಬಿದ್ದ ಮಳೆಯು ಹಳ್ಳಕೊಳ್ಳಗಳ ದಾರಿಯಿಂದ ಕಾವೇರಿಯನ್ನು ಸೇರಿ, ಕನ್ನಂಬಾಡಿಯ ಕಟ್ಟೆಯಲ್ಲಿ ತಂಗಿ, ಉಳಿದರೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. 'ಉಳಿದರೆ' ಎಂಬ ಈ ಮಾತಿನಲ್ಲಿಯೇ ಒಂದು ವ್ಯಾಜ್ಯವು ಅಡಗಿದೆ. ಹೊಳೆಯ ನೀರು ಕಡಲಿಗೆ ಹೋಯಿತೆಂದರೆ ಪೋಲಾಯಿತೆಂದು ಮರುಗುವುದು ನಮ್ಮ ವಾಡಿಕೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿಯು 740 ಟಿ.ಎಂ.ಸಿ. ನೀರನ್ನು ಹಂಚಿದಾಗ, ತಡೆಯಲಾಗದೆ ಸಮುದ್ರಕ್ಕೆ ಹರಿದುಹೋಗುವ ಪಾಲೆಂದು ತೆಗೆದಿರಿಸಿದುದು ಕೇವಲ 4 ಟಿ.ಎಂ.ಸಿ. ನೆರೆಯ ವರ್ಷಗಳಲ್ಲಿ ಇದಕ್ಕಿಂತ ಎಷ್ಟೋ ಮಿಗಿಲಾಗಿ ಹೋಗುವುದುಂಟು. ಹಾಗೆ ಹೋದ ಸಿಹಿನೀರನ್ನು ಕಡಲಿನಲ್ಲಿ ಗುರುತಿಸಿ ಅಳೆಯುವ ಬಗೆ ಯಾವುದು?

ಹೊಳೆಯನ್ನು ಅಳೆಯುವ ಕ್ರಮವನ್ನು ಶ್ರೋತೃಗಳು ಬಲ್ಲರು. ಪಾತ್ರದ ಅಗಲವನ್ನೂ ಆಳವನ್ನೂ ತಿಳಿದು, ನೀರಿನ ವೇಗದಿಂದ ಗುಣಿಸಿದರೆ ಕ್ಷಣಕ್ಕೆ ಎಷ್ಟು ಘನ ಅಡಿ ಹರಿಯುತ್ತದೆಂಬುದು ದೊರೆಯುತ್ತದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ನಡೆಯುವ ಅಳತೆ ಇಂತಹುದೇ. ಕರ್ನಾಟಕವು ವರ್ಷಕ್ಕೆ 177.25 ಟಿ.ಎಂ.ಸಿ. ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಿಧಿಸಿದುದು ಆ ಸ್ಥಳದ ಲೆಕ್ಕದಲ್ಲಿ. ಆದರೆ ಕಡಲಿಗೆ ದಡವೊಂದೇ ಬಾಗಿಲಲ್ಲ. ವರ್ಷವೊಂದಕ್ಕೆ ಸುಮಾರು ನಾಲ್ಕು ಲಕ್ಷ ಘನ ಕಿಲೊಮೀಟರ್ ನೀರು ಸಾಗರಗಳಿಂದ ಆವಿಯಾಗಿ ಮೇಲೇರುತ್ತದೆ. ಅದರಲ್ಲಿ ಬಹುಪಾಲು ಕಡಲಿನ ಮೇಲೆಯೇ ಮಳೆಯಾಗಿ ಬೀಳುತ್ತದೆ. ಉಳಿದ ಹತ್ತರಲ್ಲೊಂದು ಪಾಲಿನಷ್ಟು ಭೂಮಿಯನ್ನು ಸುತ್ತಿ, ನದಿಗಳ ಮೂಲಕ ಹಿಂದಿರುಗುತ್ತದೆ. ನಡುಗಡಲಿನಲ್ಲಿ ಮಳೆಮಾಪಕವನ್ನು ನೆಡುವವರು ಯಾರು?

ಇಲ್ಲಿ ಉಪ್ಪು ನೆರವಿಗೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹಿಂದೆಯೇ ಉಳಿಯುತ್ತದೆ. ಆದುದರಿಂದ ಉಪ್ಪು ಏರಿದಲ್ಲಿ ಸಿಹಿನೀರು ಖರ್ಚಾಗಿದೆ, ಇಳಿದಲ್ಲಿ ಜಮೆಯಾಗಿದೆ ಎಂದು ತಿಳಿಯಬಹುದು. ಸಾಗರದ ಒಂದು ಕಿಲೋಗ್ರಾಂ ನೀರಿನಲ್ಲಿ ಸಾಧಾರಣವಾಗಿ 35 ಗ್ರಾಂ ಉಪ್ಪಿರುತ್ತದೆ. ಐವತ್ತು ಮೀಟರ್ ದಪ್ಪದ ಪದರದಲ್ಲಿ ಅದು 34ಕ್ಕೆ ಇಳಿಯಿತೆನ್ನೋಣ. ಅಲ್ಲಿಗೆ ಸುಮಾರು ಒಂದೂವರೆ ಮೀಟರ್ ಸಿಹಿನೀರು ಸೇರಿತೆಂದು ಅರ್ಥ. ಆದರೆ ಕಡಲಿನ ಒಳಹರಿವುಗಳು ನೆರೆಯ ನೀರನ್ನು ಹೊತ್ತು ತರುತ್ತವೆ. ಅದನ್ನು ಕಳೆಯದೆ ಮಳೆಯ ಲೆಕ್ಕವನ್ನು ಹೇಳಿದರೆ ತಪ್ಪಾದೀತು. ಈ ಶಾಸ್ತ್ರದ ಕಷ್ಟವೆಲ್ಲ ಇಲ್ಲಿಯೇ ಇದೆ.

ಹಿಂದೆ ಹಡಗಿನವರು ಸೀಸೆಯಲ್ಲಿ ನೀರು ತಂದು ಬೆಳ್ಳಿಯ ಲವಣದಿಂದ ಪರೀಕ್ಷಿಸುತ್ತಿದ್ದರು. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ, ಈಗ ಆ ಗುಣವನ್ನೇ ಅಳೆಯುತ್ತಾರೆ. ಆರ್ಗೋ ಎಂಬ ತೇಲುಯಂತ್ರಗಳು ಸುಮಾರು ನಾಲ್ಕು ಸಾವಿರ ಸಂಖ್ಯೆಯಲ್ಲಿ ಲೋಕದ ಕಡಲುಗಳಲ್ಲಿ ಹರಡಿವೆ. ಹತ್ತು ದಿನಗಳಿಗೊಮ್ಮೆ ಎರಡು ಸಾವಿರ ಮೀಟರ್ ಆಳದಿಂದ ಮೇಲೇರುತ್ತ, ಕಂಡುದನ್ನು ಉಪಗ್ರಹಕ್ಕೆ ಒಪ್ಪಿಸಿ ಮತ್ತೆ ಮುಳುಗುತ್ತವೆ. ಉಪಗ್ರಹಗಳೂ ಸುಮ್ಮನಿಲ್ಲ. ಕಡಲ ಮೇಲ್ಮೈ ಸೂಸುವ ಕ್ಷೀಣವಾದ ರೇಡಿಯೋ ಅಲೆಗಳು ಉಪ್ಪು ಹೆಚ್ಚಿದಷ್ಟೂ ಮತ್ತಷ್ಟು ಕ್ಷೀಣಿಸುತ್ತವೆ. ಯೂರೋಪಿನ ಸ್ಮಾಸ್ 2009ರಿಂದಲೂ, ಅಮೆರಿಕದ ಅಕ್ವೇರಿಯಸ್ 2011ರಿಂದ 2015ರ ವರೆಗೂ ಇದನ್ನು ಗಗನದಿಂದ ಆಲಿಸಿದವು. ಆಕಾಶವಾಣಿಯ ಶ್ರೋತೃಗಳಿಗೆ ಇದು ಪ್ರಿಯವಾದೀತು: ಕಡಲಿನದೂ ಒಂದು ಪ್ರಸಾರವೇ!

ಇಷ್ಟು ಶ್ರಮವೇಕೆಂದರೆ, ಬಂಗಾಳ ಕೊಲ್ಲಿಯನ್ನು ನೋಡಬೇಕು. ಗಂಗಾ ಬ್ರಹ್ಮಪುತ್ರಗಳು ಅದಕ್ಕೆ ವರ್ಷಕ್ಕೆ ಸಾವಿರ ಘನ ಕಿಲೊಮೀಟರಿನಷ್ಟು ನೀರನ್ನು ಸುರಿಯುತ್ತವೆ. ಹಗುರವಾದ ಈ ಸಿಹಿನೀರು ಮುಚ್ಚಳದಂತೆ ಮೇಲೆ ನಿಂತು, ಕೆಳಗಿನ ತಣ್ಣೀರು ಬೆರೆಯದಂತೆ ತಡೆಯುತ್ತದೆ. ಮೇಲ್ಮೈ ಬೆಚ್ಚಗೆ ಉಳಿಯುತ್ತದೆ. ಆ ಬಿಸುಪೇ ಮಳೆಯ ಮೋಡಗಳಿಗೂ ಚಂಡಮಾರುತಗಳಿಗೂ ಗ್ರಾಸ. ಕೊಲ್ಲಿಯ ಉಪ್ಪನ್ನು ತಿಳಿಯದೆ ಮುಂಗಾರನ್ನು ಸರಿಯಾಗಿ ಮುನ್ನುಡಿಯಲಾಗದು.

ಕಾವೇರಿಯ 4 ಟಿ.ಎಂ.ಸಿ. ಒಂದು ಘನ ಕಿಲೊಮೀಟರಿನ ಒಂಬತ್ತನೆಯ ಒಂದು ಪಾಲು. ಅದರಿಂದ ಕೊಲ್ಲಿಯ ಸ್ವಭಾವವು ಬದಲಾಗುವುದೆಂದು ನಾನು ಹೇಳಲಾರೆ. ಅದರ ಪರಿಣಾಮವು ಅಳಿವೆಯಲ್ಲಿ; ಅಲ್ಲಿ ಸಿಹಿನೀರು ಹಿಂಜರಿದರೆ ಉಪ್ಪುನೀರು ಒಳನುಗ್ಗಿ ಬಾವಿಗಳನ್ನು ಸೇರುತ್ತದೆ. ದುರದೃಷ್ಟವಶಾತ್ ಉಪಗ್ರಹಕ್ಕೆ ಕಣ್ಣು ಮಂಜಾಗುವುದೂ ಅಲ್ಲಿಯೇ. ನೆಲದಿಂದ ಹೊಮ್ಮುವ ಪ್ರಬಲವಾದ ಅಲೆಗಳು ಕಡಲ ಕ್ಷೀಣಸ್ವರವನ್ನು ನುಂಗಿಬಿಡುವುದರಿಂದ, ದಡದಿಂದ ಹಲವು ಹತ್ತು ಕಿಲೊಮೀಟರ್ ದೂರದವರೆಗೆ ಅದರ ಅಳತೆಯನ್ನು ನಂಬಲಾಗದು. ಅಳಿವೆಯ ಉಪ್ಪನ್ನು ಅಳೆಯಬೇಕಾದರೆ ಈಗಲೂ ಮನುಷ್ಯನೇ ದೋಣಿಯೇರಿ ಹೋಗಬೇಕು, ಇಲ್ಲವೆ ಅಲ್ಲಿಯೇ ಯಂತ್ರವನ್ನು ನಿಲ್ಲಿಸಿ ಕಾಯಬೇಕು.