ಗಂಟಿನಲ್ಲಿದೆ ಶೆಡ್ಡಿನ ಜೀವ

ಮದ್ದೂರು ತಾಲ್ಲೂಕಿನ ವೈದ್ಯನಾಥಪುರದಲ್ಲಿ, ಶಿಂಷಾ ನದಿಯ ದಂಡೆಯಲ್ಲಿ, ವೈದ್ಯನಾಥೇಶ್ವರನ ಹಳೆಯ ದೇಗುಲವಿದೆ. ಇಂಥ ಕಲ್ಲಿನ ದೇಗುಲಗಳ ಒಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಇವನ್ನೆಲ್ಲ ಕದಲದಂತೆ ಹಿಡಿದಿರುವುದು ಬಹುಮಟ್ಟಿಗೆ ಕಲ್ಲಿನ ಭಾರವೇ. ಅಲ್ಲಿ ಭಾರವೇ ಬೆಸುಗೆ.

ಉಕ್ಕಿನ ಕಟ್ಟಡಕ್ಕೆ ಆ ಭಾಗ್ಯವಿಲ್ಲ. ಮಂಡ್ಯ ಸೀಮೆಯಲ್ಲಿ ಈಗ ಅಕ್ಕಿ ಗಿರಣಿ, ಗೋದಾಮು, ಊಟದ ಹಾಲ್ ಎಲ್ಲದಕ್ಕೂ ಉಕ್ಕಿನ ಶೆಡ್ಡು ಏಳುತ್ತಿದೆ. ಚಾವಣಿಯ ಶೀಟು ಚದರ ಮೀಟರಿಗೆ ಐದು ಕೆಜಿ ಆಸುಪಾಸು ತೂಗುತ್ತದೆ. ಭಾರತೀಯ ಮಾನಕದಲ್ಲಿ ಬೆಂಗಳೂರು, ಮೈಸೂರು ಎರಡಕ್ಕೂ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆಜಿ ಭಾರಕ್ಕೆ ಸಮ. ಮಾಡಿನ ಮೇಲೆ ಹಾಯುವಾಗ ಅದು ಶೀಟನ್ನು ಒತ್ತುವ ಬದಲು ಮೇಲಕ್ಕೆ ಹೀರುತ್ತದೆ. ಆಗ ಕಟ್ಟಡವನ್ನು ನೆಲಕ್ಕೆ ಹಿಡಿದಿಡುವುದು ಶೀಟಿನ ಸ್ಕ್ರೂನಿಂದ ಹಿಡಿದು ಕಂಬದ ಬುಡದ ಬೋಲ್ಟಿನವರೆಗಿನ ಒಂದೊಂದು ಗಂಟು.

ಗಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎತ್ತಿನ ಗಾಡಿಯನ್ನು ನೆನೆಯಿರಿ. ಮೂಕಿಗೆ ನೊಗವನ್ನು ಹಗ್ಗದಿಂದ ಬಿಗಿಯುತ್ತೇವೆ. ಅದು ಭಾರ ಎಳೆಯುತ್ತದೆ, ಜೊತೆಗೆ ತುಸು ಹೊರಳಾಡುತ್ತದೆ. ಉಕ್ಕಿನ ತೊಲೆಯ ನಡುಗೋಡೆಯನ್ನಷ್ಟೇ, ಅಂದರೆ ನಡುವಿನ ನಿಂತ ಪಟ್ಟಿಯನ್ನಷ್ಟೇ, ಆಂಗಲ್ ತುಂಡಿನಿಂದ ಕಂಬಕ್ಕೆ ಬೋಲ್ಟು ಮಾಡಿದರೆ ಹೀಗೆಯೇ ಆಗುತ್ತದೆ: ಭಾರ ಕಂಬಕ್ಕೆ ಇಳಿಯುತ್ತದೆ, ತೊಲೆಯ ತುದಿ ಸ್ವಲ್ಪ ತಿರುಗುತ್ತದೆ. ತೊಲೆಯ ಮೇಲಿನ ಮತ್ತು ಕೆಳಗಿನ ಪಟ್ಟಿಗಳನ್ನೂ ಕಂಬಕ್ಕೆ ಹಿಡಿಸಿದರೆ ತುದಿ ತಿರುಗಲಾರದು; ಚಕ್ರದ ಗುಂಬಕ್ಕೆ ಕಡ್ಡಿಗಳು ಕೂತಂತೆ ಎರಡೂ ಒಂದಾಗುತ್ತವೆ. ಗಾಳಿಗೆ ಚೌಕಟ್ಟು ಓಲಾಡದಿರಲು ಇಂಥ ಬಿಗಿ ಗಂಟು, ಇಲ್ಲವೇ ಓರೆ ಆಸರೆ ಬೇಕು.

ಈಗ ಒಂದು ಬೋಲ್ಟನ್ನು ಕೈಗೆ ತೆಗೆದುಕೊಳ್ಳೋಣ. ದಪ್ಪ 20 ಮಿ.ಮೀ. ತಲೆಯ ಮೇಲೆ 4.6 ಎಂದೋ 8.8 ಎಂದೋ ಅಚ್ಚೊತ್ತಿರುತ್ತದೆ. ಮೊದಲ ಅಂಕಿ ಉಕ್ಕು ಎಷ್ಟು ಎಳೆತಕ್ಕೆ ಹರಿಯುತ್ತದೆಂದು ಹೇಳುತ್ತದೆ. ಎರಡನೆಯದು ಅದರ ಎಷ್ಟು ಪಾಲಿಗೆ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುತ್ತದೆಂದು. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 800:2007ರ ಲೆಕ್ಕದಲ್ಲಿ, ಮರೆಯ (ಥ್ರೆಡ್ಡಿನ) ಭಾಗದಲ್ಲಿ ಅಡ್ಡಕ್ಕೆ ಕತ್ತರಿಸುವ ಬಲಕ್ಕೆ 4.6ರ ಬೋಲ್ಟು ಸುಮಾರು ನಾಲ್ಕೂವರೆ ಟನ್ ತಡೆದರೆ, 8.8ರದು ಒಂಬತ್ತು ಟನ್. ನೋಡಲು ಅವಳಿ, ತ್ರಾಣ ಇಮ್ಮಡಿ. ಅದಲು ಬದಲಾದರೆ ದೂರದಿಂದ ಯಾರಿಗೂ ತಿಳಿಯದು.

ಬೋಲ್ಟು ಗಟ್ಟಿಯಿದ್ದರೂ ಪ್ಲೇಟು ಹರಿಯಬಹುದು. ಬಟ್ಟೆಯ ಅಂಚಿಗೆ ತೀರ ಹತ್ತಿರ ಗುಂಡಿಮನೆ ಹೊಲಿದರೆ ಅಂಚೇ ಕಿತ್ತುಬರುತ್ತದಲ್ಲ, ಹಾಗೆ. ಅದಕ್ಕೇ ಈ ಬೋಲ್ಟು ಕೂರುವ 22 ಮಿ.ಮೀ. ತೂತಿನ ನಡುವಿನಿಂದ ಯಂತ್ರದಲ್ಲಿ ಕತ್ತರಿಸಿದ ಅಂಚಿಗೆ ಕನಿಷ್ಠ 33 ಮಿ.ಮೀ. ಬಿಡಬೇಕು. ವೆಲ್ಡಿಂಗಿಗೂ ಇಂಥದೇ ಎಚ್ಚರವಿದೆ: ಅಟ್ಟಣಿಗೆ ಹತ್ತಿ ಹಾಕಿದ ಬೆಸುಗೆಯನ್ನು ಕಾರ್ಖಾನೆಯಲ್ಲಿ ಹಾಕಿದ್ದಕ್ಕಿಂತ ಕಡಿಮೆ ನಂಬಿ ಲೆಕ್ಕ ಹಾಕಬೇಕು ಎನ್ನುತ್ತದೆ ಮಾನಕ.

ಗಂಟನ್ನು ಚೂರು ಬದಲಿಸಿದರೆ ಏನಾಗುತ್ತದೆ? 1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಜನ ಸತ್ತರು. ಒಂದರ ಕೆಳಗೊಂದಿದ್ದ ಎರಡು ಹಾದಿಗಳನ್ನು ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಸರಳುಗಳಿಗೆ ನೇತುಹಾಕಬೇಕೆಂದು ಮೊದಲ ನಕ್ಷೆಯಲ್ಲಿತ್ತು. ಕೆಲಸ ಸುಲಭವಾಗಲೆಂದು ಸರಳನ್ನು ಎರಡು ಮಾಡಿ, ಕೆಳಹಾದಿಯನ್ನು ಮೇಲಿನ ಹಾದಿಗೇ ತೂಗಿಬಿಟ್ಟರು. ಒಂದು ಹಗ್ಗಕ್ಕೆ ಎರಡು ಕೊಡ ಬೇರೆಬೇರೆ ಕಟ್ಟಿದರೆ ಪ್ರತಿ ಗಂಟೂ ತನ್ನ ಕೊಡವನ್ನಷ್ಟೇ ಹೊರುತ್ತದೆ. ಕೆಳಗಿನ ಕೊಡವನ್ನು ಮೇಲಿನ ಕೊಡಕ್ಕೇ ಕಟ್ಟಿದರೆ ಮೇಲಿನ ಗಂಟಿಗೆ ಎರಡರ ಭಾರ. ಅಲ್ಲಿ ಆದದ್ದು ಅದೇ: ಮೇಲಿನ ನಟ್ಟು ತೊಲೆಯನ್ನು ಸೀಳಿಕೊಂಡು ಹೊರಬಂತು.

ಶೆಡ್ಡು ಕಟ್ಟಿಸುವವರು ಮೊದಲು ಕೇಳುವುದು ಎಷ್ಟು ಟನ್ ಉಕ್ಕು, ಟನ್ನಿಗೆ ಎಷ್ಟು ಎಂದು. ಜೊತೆಗೆ ಜೋಡಣೆಯ ನಕ್ಷೆಯನ್ನೂ ಕೇಳಿ ಪಡೆಯಿರಿ. ಕೂರದ ತೂತನ್ನು ಗ್ಯಾಸ್‌ಕಟರಿನಿಂದ ಹಿಗ್ಗಿಸುವ ಮುನ್ನ ಎಂಜಿನಿಯರನ್ನು ಕರೆಸಿ. ಬೋಲ್ಟಿನ ತಲೆಯ ಅಂಕಿಯನ್ನು ನಕ್ಷೆಯೊಂದಿಗೆ ಹೋಲಿಸಿ ನೋಡಿ. ಬೋದಿಗೆಯನ್ನು ಕಡೆದ ಶಿಲ್ಪಿ ಕಂಬ ತೊಲೆಗಳು ಸೇರುವ ಜಾಗಕ್ಕೆಂದೇ ಒಂದು ಇಡೀ ಕಲ್ಲನ್ನು ಮೀಸಲಿಟ್ಟ. ಅಷ್ಟು ಗಮನ ನಮ್ಮ ಉಕ್ಕಿನ ಗಂಟಿಗೂ ಸಲ್ಲಬೇಕು.